ನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆ: ಮೊದಲಿನ ಸಿದ್ಧತೆ, ಆಮೇಲಿನ ಆರೈಕೆ

ಹೆಣ್ಣುನಾಯಿಗೆ ಮಾಡುವ ಸಂತಾನಹರಣ ಶಸ್ತ್ರಚಿಕಿತ್ಸೆಯು ನುರಿತ ಪಶುವೈದ್ಯರಿಗೆ ಸಾಮಾನ್ಯವಾಗಿ ಒಂದು ಗಂಟೆಯೊಳಗಿನ ಕೆಲಸ. ಆದರೆ ಅದು ಸಫಲವಾಯಿತೆಂದು ಹೇಳಬೇಕಾದರೆ ಹದಿನೈದು ದಿನ ಕಾಯಬೇಕು. ಆ ಒಂದು ಗಂಟೆಯ ಹೊಣೆ ವೈದ್ಯರದು. ಅದರ ಹಿಂದಿನ ಸಿದ್ಧತೆಯ ಮತ್ತು ಮುಂದಿನ ಹದಿನೈದು ದಿನಗಳ ಆರೈಕೆಯ ಹೊಣೆ ನಾಯಿಯನ್ನು ಸಾಕಿದವರದು. ಶಸ್ತ್ರಚಿಕಿತ್ಸೆಯ ತರುವಾಯ ತಲೆದೋರುವ ತೊಂದರೆಗಳಲ್ಲಿ ಹಲವು ವೈದ್ಯರ ಮೇಜಿನ ಮೇಲೆ ಹುಟ್ಟುವುದಿಲ್ಲ. ಮನೆಯ ಅಂಗಳದಲ್ಲಿ ಹುಟ್ಟುತ್ತವೆ. ಆ ದಿನಗಳಲ್ಲಿ ನಾಯಿಯ ದೇಹದೊಳಗೆ ಏನು ನಡೆಯುತ್ತಿರುತ್ತದೆ ಎಂಬುದನ್ನು ತಿಳಿದವರು ಅಂತಹ ತೊಂದರೆಗಳನ್ನು ಬಹುಮಟ್ಟಿಗೆ ತಡೆಯಬಲ್ಲರು. ಈ ಲೇಖನದಲ್ಲಿ ನಾವು ಅದನ್ನೇ ವಿಚಾರಮಾಡೋಣ.

ಪಟ್ಟಣದ ಮನೆಯಲ್ಲಿ ನಾಯಿಯನ್ನು ಒಂದು ಕೋಣೆಯಲ್ಲಿ ಕೂಡಿಹಾಕುವುದು ಸುಲಭ. ಹಳ್ಳಿಯ ಮಾತೇ ಬೇರೆ. ದಾವಣಗೆರೆ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿದ ಸಾಸ್ವೆಹಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಗದ್ದೆ, ತೋಟ, ಮೆಕ್ಕೆಜೋಳದ ಹೊಲಗಳ ಈ ಸೀಮೆಯಲ್ಲಿ ಸಾಕಿದ ನಾಯಿಗೂ ಸರಪಳಿಯ ಪರಿಚಯ ಕಡಮೆ. ಹಗಲಲ್ಲಿ ಅದು ಯಜಮಾನನ ಹಿಂದೆ ಹೊಲಕ್ಕೆ ಹೋಗುತ್ತದೆ. ರಾತ್ರಿ ಜಗಲಿಯ ಮೇಲೆ ಮಲಗಿ ಮನೆಯನ್ನು ಕಾಯುತ್ತದೆ. ನಡುವೆ ಬಿಡುವಾದಾಗ ಊರನ್ನೆಲ್ಲ ಸುತ್ತಿಬರುತ್ತದೆ. ಕೆಸರು, ನೊಣ, ಉಣ್ಣಿ, ಬೀದಿಯ ಇತರ ನಾಯಿಗಳು, ಇವುಗಳ ನಡುವೆಯೇ ಅದರ ಬಾಳು. ಶಸ್ತ್ರಚಿಕಿತ್ಸೆಯ ವಿಷಯವನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ನೆರೆಯ ಶಿವಮೊಗ್ಗೆಯಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಆದರೆ ಎಲ್ಲಿಗೆ ಹೋದರೂ ನಾಯಿ ಮರಳಿಬರುವುದು ಇದೇ ಅಂಗಳಕ್ಕೆ. ಆದುದರಿಂದ ಆರೈಕೆಯ ತತ್ತ್ವಗಳನ್ನು ಈ ಅಂಗಳಕ್ಕೆ ಹೊಂದುವಂತೆ ತಿಳಿದುಕೊಳ್ಳಬೇಕಾಗುತ್ತದೆ.

ಶಸ್ತ್ರಚಿಕಿತ್ಸೆ ಏತಕ್ಕೆ?

ಹೆಣ್ಣುನಾಯಿ ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಮೊದಲ ಸಲ ಬೆದೆಗೆ ಬರುತ್ತದೆ. ದೊಡ್ಡ ತಳಿಗಳಲ್ಲಿ ಇದು ಇನ್ನೂ ತಡವಾಗುವುದುಂಟು. ಆಮೇಲೆ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆ ಮರಳುತ್ತದೆ. ಮೊದಲ ಎಂಟೊಂಬತ್ತು ದಿನ ರಕ್ತಮಿಶ್ರಿತ ಸ್ರಾವವಿರುತ್ತದೆ. ಗಂಡುನಾಯಿಗಳು ಹಿಂಬಾಲಿಸಿದರೂ ಹೆಣ್ಣು ಅವನ್ನು ಸೇರಿಸುವುದಿಲ್ಲ. ಅನಂತರದ ಎಂಟೊಂಬತ್ತು ದಿನಗಳು ಕೂಡುವ ಕಾಲ. ಅದು ಮುಗಿದ ಮೇಲೆ ನಾಯಿಯ ದೇಹದಲ್ಲಿ ಒಂದು ವಿಶೇಷ ಸಂಗತಿ ನಡೆಯುತ್ತದೆ. ಗರ್ಭ ಕಟ್ಟಿರಲಿ, ಕಟ್ಟದಿರಲಿ, ಅಂಡಾಶಯಗಳು ಸುಮಾರು ಎರಡು ತಿಂಗಳ ಕಾಲ ಪ್ರೊಜೆಸ್ಟರೋನ್ ಎಂಬ ಹಾರ್ಮೋನನ್ನು ಸುರಿಸುತ್ತಲೇ ಇರುತ್ತವೆ. ನಾಯಿಯ ಗರ್ಭಧಾರಣೆಯ ಅವಧಿ ಸುಮಾರು 63 ದಿನ; ಗರ್ಭವೇ ಇಲ್ಲದಿದ್ದರೂ ಗರ್ಭಕೋಶವು ಅಷ್ಟು ಕಾಲ ಮರಿಗಾಗಿ ಹಾಸಿಗೆ ಹಾಸಿ ಕಾದಿರುತ್ತದೆ ಎನ್ನಬಹುದು.

ಪ್ರತಿ ಬೆದೆಯಲ್ಲಿಯೂ ಹೀಗೆ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ರಸ ಸೂಸುತ್ತದೆ. ಆ ಹೊತ್ತಿನಲ್ಲಿ ರೋಗಾಣುಗಳು ಒಳಹೊಕ್ಕರೆ ಅವುಗಳಿಗೆ ಅದು ಒಳ್ಳೆಯ ನೆಲೆ. ನಡುವಯಸ್ಸು ದಾಟಿದ ಹೆಣ್ಣುನಾಯಿಗಳಲ್ಲಿ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಗರ್ಭಕೋಶದ ತುಂಬ ಕೀವು ಕಟ್ಟಿಕೊಳ್ಳುವ ರೋಗ ಕಾಣಿಸಿಕೊಳ್ಳುವುದು ಇದರಿಂದಲೇ. ಪಶುವೈದ್ಯರು ಇದನ್ನು ಪಯೋಮೆಟ್ರ ಎನ್ನುತ್ತಾರೆ. ನಾಯಿ ಮಂಕಾಗುತ್ತದೆ, ಮೇಲಿಂದ ಮೇಲೆ ನೀರು ಕುಡಿಯುತ್ತದೆ, ತಡಮಾಡಿದರೆ ಸಾಯುತ್ತದೆ. ಗರ್ಭಕೋಶ ಮತ್ತು ಅಂಡಾಶಯಗಳನ್ನು ಮೊದಲೇ ತೆಗೆದ ನಾಯಿಗೆ ಈ ಭಯವಿಲ್ಲ. ಮೊಲೆಯ ಗೆಡ್ಡೆಗಳ ವಿಷಯದಲ್ಲಿಯೂ ಲಾಭವಿದೆಯೆಂದು ಬಹುಕಾಲದಿಂದ ನಂಬಲಾಗಿದೆ. ಮೊದಲ ಬೆದೆಗೆ ಮುನ್ನ ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಈ ಗೆಡ್ಡೆಗಳ ಸಂಭವ ಅತ್ಯಲ್ಪವೆಂದು 1969ರಲ್ಲಿ ಅಮೆರಿಕದ ಸಂಶೋಧಕರು ವರದಿಮಾಡಿದರು. ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದ 2012ರ ಒಂದು ವಿಮರ್ಶೆಯಾದರೋ, ಈ ಸಾಕ್ಷ್ಯ ಎಣಿಸಿದಷ್ಟು ಗಟ್ಟಿಯಾದುದಲ್ಲ ಎಂದಿತು. ವಿಜ್ಞಾನದಲ್ಲಿ ಹಳೆಯ ತೀರ್ಮಾನಗಳೂ ಮರುವಿಚಾರಣೆಗೆ ಒಳಪಡುತ್ತವೆ.

ಆದರೆ ಹಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯ ಮುಖ್ಯ ಕಾರಣ ಮರಿಗಳೇ. ಒಂದು ಸೂಲಿಗೆ ನಾಲ್ಕೈದು ಮರಿಗಳು ಹುಟ್ಟುತ್ತವೆ. ಗಂಡುಮರಿಯನ್ನು ಯಾರಾದರೂ ಕೇಳಿಕೊಂಡು ಹೋಗುತ್ತಾರೆ. ಹೆಣ್ಣುಮರಿ ಕಣದ ಮೂಲೆಯಲ್ಲಿಯೋ ಊರಾಚೆಯಲ್ಲಿಯೋ ಉಳಿಯುತ್ತದೆ. ಅವುಗಳ ಗತಿ ಏನಾಗುತ್ತದೆ? ಪಶ್ಚಿಮ ಬಂಗಾಳದ ಬೀದಿಗಳಲ್ಲಿ ಹುಟ್ಟಿದ 364 ಮರಿಗಳನ್ನು ವಿಜ್ಞಾನಿಗಳು ಹಿಂಬಾಲಿಸಿ ನೋಡಿ 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಏಳು ತಿಂಗಳ ವಯಸ್ಸಿನವರೆಗೆ ಬದುಕಿದವು ನೂರಕ್ಕೆ 19 ಮಾತ್ರ. ಸಾವುಗಳಲ್ಲಿ ನೂರಕ್ಕೆ 63ರಷ್ಟಕ್ಕೆ ಮನುಷ್ಯನೇ ಒಂದಲ್ಲ ಒಂದು ಬಗೆಯಲ್ಲಿ ಕಾರಣನಾಗಿದ್ದನು. ಬದುಕಿ ಉಳಿದವು ಲಸಿಕೆಯಿಲ್ಲದ ಬೀದಿನಾಯಿಗಳಾಗುತ್ತವೆ. ಹುಚ್ಚುನಾಯಿ ರೋಗ ಹಬ್ಬುವುದು ಅಂತಹವುಗಳಿಂದಲೇ. ಬೇಡದ ಐದು ಮರಿಗಳನ್ನು ಹುಟ್ಟಿಸಿ ನಾಲ್ಕು ಸಾಯುವುದನ್ನು ನೋಡುವುದಕ್ಕಿಂತ ಅವು ಹುಟ್ಟದಂತೆ ಮಾಡುವುದು ದಯೆಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಯಾವಾಗ ಮಾಡಿಸಬೇಕು?

ಬೆದೆಯಲ್ಲಿರುವಾಗ ಗರ್ಭಕೋಶಕ್ಕೆ ಹೋಗುವ ರಕ್ತನಾಳಗಳು ಉಬ್ಬಿರುತ್ತವೆ. ಕೊಯ್ದಾಗ ರಕ್ತಸ್ರಾವ ಹೆಚ್ಚು. ಬೆದೆ ಮುಗಿದ ಕೂಡಲೇ ಮಾಡಿಸಿದರೆ ಬೇರೊಂದು ತೊಡಕು: ಪ್ರೊಜೆಸ್ಟರೋನ್ ಒಮ್ಮೆಗೇ ಇಳಿದುಹೋಗುವುದರಿಂದ ಕೆಲವು ನಾಯಿಗಳಲ್ಲಿ ಮೊಲೆ ತುಂಬಿ ಹಾಲು ಬರುತ್ತದೆ, ಇಲ್ಲದ ಮರಿಗಾಗಿ ಅವು ಹುಡುಕಾಡುತ್ತವೆ. ಆದುದರಿಂದ ಅವಸರದ ಕಾರಣವಿಲ್ಲದಿದ್ದರೆ ಬೆದೆ ಕಳೆದು ಎರಡು ಮೂರು ತಿಂಗಳಾದ ಮೇಲಿನ ಶಾಂತಕಾಲವೇ ಉತ್ತಮ. ಮರಿ ಹಾಕಿದ ನಾಯಿಯಾದರೆ ಮರಿಗಳು ಹಾಲು ಬಿಟ್ಟು, ಕೆಚ್ಚಲು ಬತ್ತುವವರೆಗೆ ತಡೆಯಬೇಕು. ಬಹು ದೊಡ್ಡ ತಳಿಗಳಲ್ಲಿ ಮೂಳೆಗಳ ಬೆಳವಣಿಗೆ ಮುಗಿಯುವ ಮುನ್ನ ಅಂಡಾಶಯ ತೆಗೆದರೆ ಕೀಲುಗಳಿಗೆ ತೊಂದರೆಯಾಗಬಹುದೆಂದು ಇತ್ತೀಚಿನ ಅಧ್ಯಯನಗಳು ತೋರಿಸಿರುವುದರಿಂದ ಅವುಗಳಿಗೆ ಇನ್ನೂ ಕೆಲವು ತಿಂಗಳು ಕಾಯುವುದುಂಟು. ಹಳ್ಳಿಯ ನಡುಗಾತ್ರದ ನಾಡತಳಿಗೆ ಈ ಚಿಂತೆ ಅಷ್ಟಾಗಿಲ್ಲ. ನಮ್ಮ ಸೀಮೆಯ ರೈತರು ಇನ್ನೊಂದು ಲೆಕ್ಕವನ್ನೂ ಸೇರಿಸಿಕೊಳ್ಳಬಹುದು: ಮಳೆಗಾಲದ ಕೆಸರು ಮತ್ತು ನೊಣಗಳ ದಿನಗಳನ್ನು ಬಿಟ್ಟು ಒಣ ಹವೆಯ ತಿಂಗಳುಗಳನ್ನು ಆರಿಸಿಕೊಂಡರೆ ಆರೈಕೆ ಹಗುರವಾಗುತ್ತದೆ.

ಮೊದಲಿನ ಸಿದ್ಧತೆ

ಶಸ್ತ್ರಚಿಕಿತ್ಸೆಗೆ ಒಂದೆರಡು ವಾರ ಮುಂಚಿತವಾಗಿ ನಾಯಿಯನ್ನು ಒಮ್ಮೆ ವೈದ್ಯರಿಗೆ ತೋರಿಸಬೇಕು. ಜಂತುಹುಳುವಿಗೆ ಔಷಧ, ಹುಚ್ಚುನಾಯಿ ರೋಗದ ಲಸಿಕೆ ಇವೆಲ್ಲ ಆಗಲೇ ಮುಗಿಯಬೇಕು. ಇವುಗಳಿಗಿಂತ ಮಿಗಿಲಾಗಿ ಗಮನಿಸಬೇಕಾದುದು ಉಣ್ಣಿ. ನಮ್ಮ ನಾಯಿಗಳ ಕಿವಿಯೊಳಗೂ ಬೆರಳ ಸಂದಿನಲ್ಲಿಯೂ ಅಂಟಿಕೊಂಡಿರುವ ಕಂದುಬಣ್ಣದ ಉಣ್ಣಿಯು ರಕ್ತ ಹೀರುವುದಷ್ಟೇ ಅಲ್ಲ, ಎರ್ಲಿಕಿಯ ಎಂಬ ಸೂಕ್ಷ್ಮಜೀವಿಯನ್ನೂ ರಕ್ತಕ್ಕೆ ಬಿಡುತ್ತದೆ. ಈ ರೋಗದಲ್ಲಿ ರಕ್ತದ ಪ್ಲೇಟ್‌ಲೆಟ್ ಕಣಗಳು ಕಡಮೆಯಾಗುತ್ತವೆ. ಗಾಯವಾದಾಗ ರಕ್ತನಾಳದ ಬಾಯಿಗೆ ಮೊದಲು ಬಂದು ಮುಚ್ಚಳವಾಗಿ ನಿಲ್ಲುವ ಕಣಗಳೇ ಇವು. ಹೊರಗೆ ಲವಲವಿಕೆಯಿಂದಿರುವ ನಾಯಿಯಲ್ಲಿಯೂ ಈ ಕೊರತೆ ಅಡಗಿರಬಹುದು; ಅದು ಬಯಲಾಗುವುದು ಕೊಯ್ದ ಮೇಲೆ ರಕ್ತ ನಿಲ್ಲದಿದ್ದಾಗ. ಒಂದು ಚಿಕ್ಕ ರಕ್ತಪರೀಕ್ಷೆಯಿಂದ ಇದನ್ನು ಮೊದಲೇ ಅರಿಯಬಹುದು. ಹಿಂದೆ ಜ್ವರ ಬಂದಿತ್ತೆ, ಮೂಗಿನಲ್ಲಿ ರಕ್ತ ಸುರಿದಿತ್ತೆ, ಯಾವ ಔಷಧ ಕೊಟ್ಟಿದ್ದೇವೆ ಎಂಬುದನ್ನೆಲ್ಲ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಶಸ್ತ್ರಚಿಕಿತ್ಸೆಗೆ ಎರಡು ದಿನ ಮೊದಲು ನಾಯಿಗೆ ಸ್ನಾನ ಮಾಡಿಸುವುದು ಒಳ್ಳೆಯದು. ಆಮೇಲೆ ಹೊಲಿಗೆ ಬಿಚ್ಚುವವರೆಗೆ ಸ್ನಾನವಿಲ್ಲ. ಹಿಂದಿನ ರಾತ್ರಿಯ ಊಟವಾದ ಬಳಿಕ ಬೆಳೆದ ನಾಯಿಗೆ ಆಹಾರ ಕೊಡಬಾರದು. ನೀರನ್ನು ವೈದ್ಯರು ಹೇಳಿದ ಹೊತ್ತಿನವರೆಗೆ ಕೊಡಬಹುದು. ಈ ಉಪವಾಸ ಏತಕ್ಕೆ? ಎಚ್ಚರವಿರುವ ಪ್ರಾಣಿಯಲ್ಲಿ ಹೊಟ್ಟೆಯಿಂದ ಆಹಾರ ಮೇಲೆ ಬಂದರೆ ಗಂಟಲು ತಾನಾಗಿಯೇ ಶ್ವಾಸನಾಳವನ್ನು ಮುಚ್ಚುತ್ತದೆ. ಅರಿವಳಿಕೆಯಲ್ಲಿ ಈ ಕಾವಲುಗಾರನೂ ಮಲಗಿಬಿಡುತ್ತಾನೆ. ಆಗ ಮೇಲೆ ಬಂದ ಆಹಾರವು ಶ್ವಾಸಕೋಶಕ್ಕೆ ಇಳಿದು ಉಸಿರನ್ನೇ ಕಟ್ಟಬಹುದು. ಬದುಕಿದರೂ ನ್ಯುಮೋನಿಯ ತಪ್ಪುವುದಿಲ್ಲ. ಎಳೆಯ ಮರಿಗೆ ಮಾತ್ರ ಉಪವಾಸ ದೀರ್ಘವಾಗಬಾರದು. ಅದರ ದೇಹದಲ್ಲಿ ಕೂಡಿಟ್ಟ ಸಕ್ಕರೆ ಕಡಮೆ, ಬೇಗ ತೀರಿಹೋಗುತ್ತದೆ. ಅದರ ಹೊತ್ತನ್ನು ವೈದ್ಯರೇ ಗೊತ್ತುಮಾಡುತ್ತಾರೆ.

ಹಳ್ಳಿಯಲ್ಲಿ ಒಂದು ಮಾತನ್ನು ವಿಶೇಷವಾಗಿ ನೆನಪಿಡಬೇಕು. ಬಿಡುನಾಯಿಗೆ ಮನೆಯಲ್ಲಿ ಊಟವಿಲ್ಲದಿದ್ದರೆ ಊರಿನಲ್ಲಿ ಊಟವಿದೆ. ಮದುವೆಮನೆಯ ಎಲೆಯೋ, ಕೋಳಿಯಂಗಡಿಯ ಹಿಂದಿನ ರಾಶಿಯೋ ಎಲ್ಲಿಯಾದರೂ ಸಿಕ್ಕೇ ಸಿಕ್ಕುತ್ತದೆ. ಆದುದರಿಂದ ಹಿಂದಿನ ಸಂಜೆಯೇ ಅದನ್ನು ಕಟ್ಟಿಹಾಕಬೇಕು. ಕಟ್ಟು ಬಿಚ್ಚಿಕೊಂಡು ಹೋಗಿ ಏನನ್ನಾದರೂ ತಿಂದುಬಂದಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ತಿಳಿಸಿ ಚಿಕಿತ್ಸೆಯನ್ನು ಇನ್ನೊಂದು ದಿನಕ್ಕೆ ಮುಂದೂಡುವುದು ಲೇಸು. ಕಟ್ಟಿದರೆ ಗಲಾಟೆ ಮಾಡುವ ನಾಯಿಗೆ ಒಂದೆರಡು ವಾರ ಮುಂಚಿನಿಂದಲೇ ದಿನಕ್ಕೆ ಸ್ವಲ್ಪ ಹೊತ್ತು ಹಗ್ಗದ ಅಭ್ಯಾಸ ಮಾಡಿಸಬೇಕು. ಶಸ್ತ್ರಚಿಕಿತ್ಸೆಯ ಆಮೇಲಿನ ದಿನಗಳಿಗೂ ಇದೇ ಅಭ್ಯಾಸ ನೆರವಾಗುತ್ತದೆ.

ಮೇಜಿನ ಮೇಲೆ

ಮನುಷ್ಯರಲ್ಲಿ ಹೊಟ್ಟೆಯನ್ನು ಕೊಯ್ದು ಅಂಡಾಶಯವನ್ನು ತೆಗೆಯುವ ವಿದ್ಯೆ ಬಹು ಹಳೆಯದೇನೂ ಅಲ್ಲ. 1809ನೆಯ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿ ಸಂಸ್ಥಾನದ ಡ್ಯಾನ್‌ವಿಲ್ ಎಂಬ ಊರಿನಲ್ಲಿ ಎಫ್ರಾಯಿಮ್ ಮೆಕ್‌ಡೊವೆಲ್ ಎಂಬ ವೈದ್ಯನು ಜೇನ್ ಕ್ರಾಫರ್ಡ್ ಎಂಬ ಹೆಂಗಸಿನ ಅಂಡಾಶಯದಲ್ಲಿ ಬೆಳೆದಿದ್ದ ದೊಡ್ಡ ಗೆಡ್ಡೆಯನ್ನು ಹೊಟ್ಟೆ ಕೊಯ್ದು ತೆಗೆದನು. ಆಗ ಅರಿವಳಿಕೆ ಇರಲಿಲ್ಲ. ರೋಗಾಣುಗಳ ಅರಿವೂ ಇರಲಿಲ್ಲ. 1846ರಲ್ಲಿ ಬಾಸ್ಟನ್ ನಗರದಲ್ಲಿ ಈಥರಿನ ಅರಿವಳಿಕೆ ಎಲ್ಲರೆದುರು ಸಿದ್ಧಪಟ್ಟಿತು. 1867ರಲ್ಲಿ ಜೋಸೆಫ್ ಲಿಸ್ಟರನು ರೋಗಾಣುಗಳನ್ನು ಗಾಯದಿಂದ ದೂರವಿಡುವ ತನ್ನ ವಿಧಾನವನ್ನು ಪ್ರಕಟಿಸಿದನು. ಇಂದು ಹೊನ್ನಾಳಿ ಸೀಮೆಯ ಒಂದು ನಾಯಿಗೆ ಸಿಕ್ಕುವ ಚಿಕಿತ್ಸೆಯ ಹಿಂದೆ ಈ ಎರಡು ಶೋಧಗಳೂ ನಿಂತಿವೆ.

ವೈದ್ಯರು ಮೊದಲು ನಾಯಿಯನ್ನು ಶಾಂತಗೊಳಿಸುವ ಸೂಜಿಮದ್ದನ್ನು ಕೊಡುತ್ತಾರೆ. ಅನಂತರ ರಕ್ತನಾಳದ ಮೂಲಕ ಅರಿವಳಿಕೆ. ಸೌಕರ್ಯವಿರುವಲ್ಲಿ ಶ್ವಾಸನಾಳಕ್ಕೆ ಕೊಳವೆಯಿಟ್ಟು ಅರಿವಳಿಕೆಯ ಅನಿಲವನ್ನು ಆಮ್ಲಜನಕದೊಡನೆ ಕೊಡುವುದುಂಟು. ಇಲ್ಲಿ ನಮ್ಮ ನಾಡಿನ ಮುಧೋಳ ನಾಯಿಯ ಮಾತನ್ನು ಹೇಳಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ, 2005ರಲ್ಲಿ ಭಾರತದ ಅಂಚೆಚೀಟಿಯನ್ನೂ ಏರಿದ ಈ ತಳಿ ಗ್ರೇಹೌಂಡಿನಂತೆ ತೆಳುಮೈಯ ಬೇಟೆನಾಯಿ. ಗ್ರೇಹೌಂಡ್ ನಾಯಿಗಳ ಮೈಯಲ್ಲಿ ಕೊಬ್ಬು ಕಡಮೆ. ಕೆಲವು ಅರಿವಳಿಕೆ ಮದ್ದುಗಳನ್ನು ಅವುಗಳ ಯಕೃತ್ತು ಕರಗಿಸುವುದೂ ನಿಧಾನ. ಆದುದರಿಂದ ಅವು ಎಚ್ಚರಗೊಳ್ಳಲು ತಡವಾಗುತ್ತದೆ. ಅದೇ ಮೈಕಟ್ಟಿನ ಮುಧೋಳ ನಾಯಿಯನ್ನು, ಅಥವಾ ಅದರ ಬೆರಕೆಯನ್ನು, ಒಯ್ಯುವವರು ತಳಿಯನ್ನು ವೈದ್ಯರಿಗೆ ತಿಳಿಸಿದರೆ ಅವರು ಮದ್ದನ್ನು ಆರಿಸುವಾಗ ಎಚ್ಚರ ವಹಿಸುತ್ತಾರೆ.

ಕೂದಲು ಬೋಳಿಸಿ ಚರ್ಮವನ್ನು ಶುದ್ಧಿಮಾಡಿದ ಮೇಲೆ, ಹೊಕ್ಕುಳಿನ ಕೆಳಗೆ ನಡುಗೆರೆಯಲ್ಲಿ ಇಲ್ಲವೆ ಪಕ್ಕೆಯಲ್ಲಿ ಚಿಕ್ಕದಾಗಿ ಕೊಯ್ಯುತ್ತಾರೆ. ಎರಡು ಅಂಡಾಶಯಗಳಿಗೂ ಗರ್ಭಕೋಶಕ್ಕೂ ಹೋಗುವ ರಕ್ತನಾಳಗಳನ್ನು ದಾರದಿಂದ ಬಿಗಿದು ಅವುಗಳನ್ನು ಹೊರತೆಗೆಯುತ್ತಾರೆ. ಆಮೇಲೆ ಹೊಲಿಗೆ. ಸಾಮಾನ್ಯವಾಗಿ ಇದು ಪದರ ಪದರವಾಗಿ ನಡೆಯುತ್ತದೆ: ಹೊಟ್ಟೆಯ ಗೋಡೆ, ಚರ್ಮದ ಕೆಳಗಿನ ಪದರ, ಕೊನೆಗೆ ಚರ್ಮ. ನಮ್ಮ ಕಣ್ಣಿಗೆ ಬೀಳುವುದು ಮೇಲಿನ ಒಂದು ಗೆರೆ ಮಾತ್ರ. ಹೊಟ್ಟೆಯೊಳಗಿನ ಕರುಳನ್ನು ಹಿಡಿದಿಟ್ಟಿರುವುದು ನಮಗೆ ಕಾಣದ ಕೆಳಗಿನ ಹೊಲಿಗೆ. ಈ ಸಂಗತಿಯನ್ನು ವಾಚಕರು ಮರೆಯಬಾರದು. ಮುಂದಿನ ಆರೈಕೆಯೆಲ್ಲ ಇದರ ಮೇಲೆ ನಿಂತಿದೆ.

ಮೊದಲ ರಾತ್ರಿ

ನಾಯಿ ಪೂರ್ತಿ ಎಚ್ಚರಗೊಂಡು ತಲೆಯೆತ್ತುವವರೆಗೆ ಆಸ್ಪತ್ರೆಯಿಂದ ಕರೆತರಬಾರದು. ಬರುವಾಗ ಆಟೋದಲ್ಲಿಯೋ ಗಾಡಿಯಲ್ಲಿಯೋ ಪಕ್ಕಕ್ಕೆ ಮಲಗಿಸಿ, ಕುತ್ತಿಗೆ ನೇರವಾಗಿರುವಂತೆ ನೋಡಿಕೊಳ್ಳಬೇಕು. ಅರಿವಳಿಕೆಯ ಪ್ರಭಾವದಲ್ಲಿ ದೇಹವು ತನ್ನ ಶಾಖವನ್ನು ಕಾಪಾಡಿಕೊಳ್ಳಲಾರದು. ಆದಕಾರಣ ಒಣಗಿದ ಗೋಣಿಯ ಮೇಲೆ ಶುಭ್ರವಾದ ಹಳೆಯ ಬಟ್ಟೆ ಹಾಸಿ, ಗಾಳಿ ಮಳೆ ಬಡಿಯದ ಎಡೆಯಲ್ಲಿ ಮಲಗಿಸಬೇಕು. ಜಗಲಿ, ಕಟ್ಟೆ, ಮಂಚ ಇವುಗಳ ಮೇಲೆ ಬೇಡ. ತೂರಾಡುತ್ತ ಏಳುವ ನಾಯಿ ಬಿದ್ದೀತು. ಅರೆಎಚ್ಚರದ ನಾಯಿ ಮನೆಯವರನ್ನೂ ಗುರುತಿಸದೆ ಕಚ್ಚುವುದುಂಟು, ಮಕ್ಕಳನ್ನು ದೂರವಿಡಬೇಕು.

ಪೂರ್ತಿ ಎಚ್ಚರವಾದ ಮೇಲೆ ಮೊದಲು ಸ್ವಲ್ಪ ನೀರು. ಅದು ಹೊಟ್ಟೆಯಲ್ಲಿ ನಿಂತರೆ ತೆಳುವಾದ ಅನ್ನದ ಗಂಜಿ, ವಾಡಿಕೆಯ ಊಟದ ಕಾಲುಭಾಗದಷ್ಟು. ಈರುಳ್ಳಿ ಹಾಕಿದ ಸಾರು ಕೂಡದು. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮಾರನೆಯ ದಿನಕ್ಕೆ ಹಸಿವು ಮರಳಬೇಕು. ನಾಯಿ ಆ ರಾತ್ರಿ ಕುಂಯಿಗುಟ್ಟಿದರೆ ಮನೆಯಲ್ಲಿರುವ ತಲೆನೋವಿನ ಮಾತ್ರೆ ಕೊಡಬೇಕೆಂದು ಯಾರಿಗಾದರೂ ತೋರಬಹುದು. ಇದು ಅಪಾಯದ ಕೆಲಸ. ನಮಗೆ ಹಿತವಾದ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವು ನಾಯಿಯ ಯಕೃತ್ತು, ಜಠರ, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ನೋವನ್ನು ತಡೆದುಕೊಳ್ಳಲಿ ಎಂದು ಸುಮ್ಮನಿರುವುದೂ ಸರಿಯಲ್ಲ. ನೋವು ನೀಗಿದ ಪ್ರಾಣಿ ಬೇಗ ಉಣ್ಣುತ್ತದೆ, ಬೇಗ ಗುಣವಾಗುತ್ತದೆ. ಪಶುವೈದ್ಯರು ಬರೆದುಕೊಟ್ಟ ಮದ್ದನ್ನು, ಅವರು ಹೇಳಿದಷ್ಟೇ, ಹೇಳಿದಷ್ಟು ದಿನ ಕೊಡಬೇಕು.

ಎರಡು ಗಡಿಯಾರಗಳು

ಇನ್ನು ಮುಖ್ಯವಾದ ಮಾತಿಗೆ ಬರೋಣ. ಶಸ್ತ್ರಚಿಕಿತ್ಸೆಯಾದ ನಾಯಿಯಲ್ಲಿ ಎರಡು ಗಡಿಯಾರಗಳು ನಡೆಯುತ್ತಿರುತ್ತವೆ. ಒಂದು ಉತ್ಸಾಹದ ಗಡಿಯಾರ. ಇನ್ನೊಂದು ಗಾಯದ ಗಡಿಯಾರ. ಮೊದಲನೆಯದು ವೇಗವಾಗಿ ಓಡುತ್ತದೆ. ಎರಡನೆಯ ದಿನಕ್ಕೆ ನಾಯಿ ಊಟ ಮಾಡುತ್ತದೆ, ಮೂರನೆಯ ದಿನಕ್ಕೆ ಬಾಲವಾಡಿಸುತ್ತದೆ, ನಾಲ್ಕನೆಯ ದಿನಕ್ಕೆ ಬೇಲಿ ಹಾರಲು ಸಿದ್ಧ. ಎರಡನೆಯ ಗಡಿಯಾರ ಇಂತಹ ಅವಸರವನ್ನು ಅರಿಯದು.

ಗಾಯವಾದೊಡನೆ ರಕ್ತ ಹೆಪ್ಪುಗಟ್ಟುತ್ತದೆ. ಮುಂದಿನ ಮೂರು ನಾಲ್ಕು ದಿನ ಬಿಳಿಯ ರಕ್ತಕಣಗಳು ಅಲ್ಲಿಗೆ ಬಂದು ಸತ್ತ ಜೀವಕೋಶಗಳನ್ನೂ ರೋಗಾಣುಗಳನ್ನೂ ತೊಡೆದುಹಾಕುತ್ತವೆ. ಅಂಚು ಸ್ವಲ್ಪ ಕೆಂಪಾಗಿ ಊದಿಕೊಂಡಿರುವುದು ಇದರ ಕುರುಹು. ಈ ಅವಧಿಯಲ್ಲಿ ಗಾಯದ ಎರಡು ಅಂಚುಗಳನ್ನು ಹಿಡಿದಿರುವುದು ಹೊಲಿಗೆಯ ದಾರವೇ ಹೊರತು ದೇಹವಲ್ಲ. ಆಮೇಲೆ ಹೊಸ ಜೀವಕೋಶಗಳು ಬಂದು ಕೊಲಾಜನ್ ಎಂಬ ನಾರನ್ನು ನೇಯಲು ತೊಡಗುತ್ತವೆ. ಎರಡು ವಾರಗಳಲ್ಲಿ ಚರ್ಮ ಕೂಡಿಕೊಂಡಂತೆ ಕಾಣುತ್ತದೆ. ಆದರೆ ಮೂರನೆಯ ವಾರದಲ್ಲಿಯೂ ಕೂಡಿದ ಚರ್ಮದ ಬಲ ಗಾಯವಿಲ್ಲದ ಚರ್ಮದ ಬಲದ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ತಿಂಗಳುಗಳು ಕಳೆದ ಮೇಲೂ ಅದು ಐದರಲ್ಲಿ ನಾಲ್ಕು ಪಾಲನ್ನು ಮೀರುವುದಿಲ್ಲ.

ಇದು ನಾಯಿಯೊಂದರ ಕಥೆಯಲ್ಲ. ಮೇಲೆ ಹೇಳಿದ ಜೇನ್ ಕ್ರಾಫರ್ಡಳನ್ನು ನೋಡಲು ವೈದ್ಯನು ಐದನೆಯ ದಿನ ಹೋದಾಗ ಆಕೆ ಎದ್ದು ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದಳು. ಅವನು ಬೆರಗಾಗಿ, ಮುಂದೆ ಜೋಪಾನವಾಗಿರಬೇಕೆಂದು ಎಚ್ಚರಿಸಿದನು. ಆಕೆ 25 ದಿನಗಳಲ್ಲಿ ಊರಿಗೆ ಹಿಂದಿರುಗಿ ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದಳು. ಆದರೆ ಆಕೆಗೆ ಎಚ್ಚರಿಕೆಯ ಮಾತನ್ನು ಹೇಳಿದರೆ ತಿಳಿಯುತ್ತಿತ್ತು. ನಾಯಿಗೆ ಹೇಳಿ ತಿಳಿಸುವುದು ಹೇಗೆ? ಅದರ ಪರವಾಗಿ ಗಾಯದ ಗಡಿಯಾರವನ್ನು ನಾವು ನೋಡಬೇಕು.

ಆದಕಾರಣ ಹತ್ತರಿಂದ ಹದಿನಾಲ್ಕು ದಿನ ಓಟ, ನೆಗೆತ, ಇತರ ನಾಯಿಗಳೊಡನೆ ಕುಸ್ತಿ ಎಲ್ಲವೂ ನಿಷಿದ್ಧ. ಮಲಮೂತ್ರಕ್ಕೆ ಮಾತ್ರ ಹಗ್ಗ ಹಿಡಿದು ನಿಧಾನವಾಗಿ ನಡೆಸಿ ತರಬೇಕು. ನೆಗೆದಾಗ ಹೊಟ್ಟೆಯ ಸ್ನಾಯುಗಳು ಬಿಗಿದು ಒಳಹೊಲಿಗೆಯನ್ನು ಎಳೆಯುತ್ತವೆ. ಚರ್ಮದ ಹೊಲಿಗೆ ಚೆನ್ನಾಗಿದ್ದು ಒಳಗಿನದು ಬಿಟ್ಟರೆ ಕರುಳು ಚರ್ಮದ ಕೆಳಕ್ಕೆ ಇಳಿಯುತ್ತದೆ. ಹೊರಗಣ್ಣಿಗೆ ಅದು ಒಂದು ಮೆತ್ತನೆಯ ಉಬ್ಬು, ಅಷ್ಟೆ.

ನೆಕ್ಕುವುದು, ನೊಣ, ಮನೆಮದ್ದು

ನಾಯಿ ತನ್ನ ಗಾಯವನ್ನು ನೆಕ್ಕಿ ತಾನೇ ವಾಸಿಮಾಡಿಕೊಳ್ಳುತ್ತದೆ ಎಂಬ ನಂಬಿಕೆ ಎಲ್ಲೆಡೆಯೂ ಇದೆ. ಇದರಲ್ಲಿ ಎಳ್ಳಷ್ಟು ನಿಜವಿದೆ: ನಾಯಿಯ ಜೊಲ್ಲು ಕೆಲವು ರೋಗಾಣುಗಳನ್ನು ಅಲ್ಪಮಟ್ಟಿಗೆ ಕೊಲ್ಲುತ್ತದೆಂದು ಪ್ರಯೋಗಗಳಿಂದ ತಿಳಿದಿದೆ. ಆದರೆ ಅದೇ ಜೊಲ್ಲಿನಲ್ಲಿ ಬೇರೆ ರೋಗಾಣುಗಳು ತುಂಬಿರುತ್ತವೆ; ಒರಟು ನಾಲಗೆಯೂ ಮುಂಬಲ್ಲುಗಳೂ ದಾರವನ್ನು ಕಿತ್ತುಹಾಕುತ್ತವೆ. ಆದುದರಿಂದ ಕೊರಳಿಗೆ ಲಾಳಿಕೆಯಾಕಾರದ ಪಟ್ಟಿಯನ್ನು ಕಟ್ಟುವುದು ಅಗತ್ಯ. ಅದು ಸಿಕ್ಕದಿದ್ದರೆ ಹಗುರವಾದ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ, ಕೊರಳಪಟ್ಟಿಗೆ ಬಿಗಿಯಬಹುದು. ಹತ್ತಿಯ ಹಳೆಯ ಬನಿಯನ್ನನ್ನು ಮೈಗೆ ತೊಡಿಸಿ ಬೆನ್ನಮೇಲೆ ಗಂಟುಹಾಕುವುದೂ ಒಂದು ಉಪಾಯ. ಅದು ಒದ್ದೆಯಾದಾಗ, ಕೊಳೆಯಾದಾಗ ಬದಲಾಯಿಸುತ್ತಿರಬೇಕು.

ನೊಣದ ವಿಷಯ ಇದಕ್ಕಿಂತ ಗಂಭೀರವಾದುದು. ಒಸರುವ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳು ಹೊರಬಂದು ಮಾಂಸವನ್ನು ತಿನ್ನತೊಡಗಬಹುದು. ಕೊಟ್ಟಿಗೆಯ ಬಳಿ ನೊಣಗಳು ಹೆಚ್ಚಾದುದರಿಂದ ನಾಯಿಯನ್ನು ಅಲ್ಲಿ ಕಟ್ಟಬಾರದು. ಮನೆಯೊಳಗಿನ ಒಂದು ಮೂಲೆ ಲೇಸು. ಬೂದಿ, ಸುಣ್ಣ, ಸೀಮೆಎಣ್ಣೆ, ಗಾಡಿಯ ಕೀಲೆಣ್ಣೆ ಇವನ್ನು ಹಚ್ಚುವ ಪದ್ಧತಿ ಕೆಲವೆಡೆ ಉಂಟು. ಇವು ಹೊಸದಾಗಿ ಬೆಳೆಯುವ ಜೀವಕೋಶಗಳನ್ನು ಸುಡುತ್ತವೆ ಇಲ್ಲವೆ ಕೊಳೆಯನ್ನು ಒಳಗೆ ಸೇರಿಸುತ್ತವೆ. ಸ್ವಚ್ಛವಾಗಿ ಹೊಲಿದ ಗಾಯಕ್ಕೆ ಒಣಗಿರುವುದಕ್ಕಿಂತ ದೊಡ್ಡ ಮದ್ದಿಲ್ಲ. ವೈದ್ಯರು ಹೇಳಿದುದನ್ನು ಬಿಟ್ಟು ಬೇರೇನನ್ನೂ ಹಚ್ಚಬೇಕಾಗಿಲ್ಲ.

ಅಪಾಯದ ಕುರುಹುಗಳು

ದಿನಕ್ಕೆ ಎರಡು ಸಲ, ಬೆಳಗ್ಗೆ ಮತ್ತು ಸಂಜೆ, ಗಾಯವನ್ನೂ ನಾಯಿಯನ್ನೂ ನೋಡಬೇಕು. ಅಂಚುಗಳು ಕೂಡಿಕೊಂಡು, ಒಣಗಿ, ಸ್ವಲ್ಪ ಕೆಂಪಾಗಿದ್ದರೆ ಚಿಂತೆಯಿಲ್ಲ. ಕೀವು, ದುರ್ವಾಸನೆ, ದಿನೇ ದಿನೇ ಹೆಚ್ಚುವ ಊತ, ಬಿಟ್ಟ ಹೊಲಿಗೆ ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ನಾಯಿಯ ಮೈಶಾಖ ಸಾಮಾನ್ಯವಾಗಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಇದು ನಮ್ಮದಕ್ಕಿಂತ ಹೆಚ್ಚು. ಆದುದರಿಂದ ಕೈಗೆ ಬಿಸಿಯಾಗಿ ತೋರಿದ ಮಾತ್ರಕ್ಕೆ ಜ್ವರವೆನ್ನಬಾರದು. 103 ದಾಟಿದರೆ ಜ್ವರ.

ಎಲ್ಲಕ್ಕಿಂತ ಕೆಟ್ಟದು ಹೊಟ್ಟೆಯೊಳಗಿನ ರಕ್ತಸ್ರಾವ. ಬಿಗಿದ ರಕ್ತನಾಳದ ಗಂಟು ಜಾರಿದರೆ ರಕ್ತ ಹೊರಗೆ ಕಾಣದೆ ಒಳಗೇ ಸೋರುತ್ತದೆ. ಇದನ್ನು ಅರಿಯಲು ಒಂದು ಸುಲಭವಾದ ಪರೀಕ್ಷೆಯಿದೆ. ನಾಯಿಯ ತುಟಿಯೆತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಬೇಕು. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡುಗಳೊಳಗೆ ನಸುಗೆಂಪು ಮರಳಿದರೆ ರಕ್ತಸಂಚಾರ ಸರಿಯಾಗಿದೆ. ಒಸಡು ಮೊದಲಿನಿಂದಲೇ ಬಿಳಿಚಿದ್ದರೆ, ನಾಯಿ ನಿಲ್ಲಲಾರದಿದ್ದರೆ, ಹೊಟ್ಟೆ ಉಬ್ಬುತ್ತಿದ್ದರೆ ಬೆಳಗಾಗಲೆಂದು ಕಾಯಬಾರದು. ಹೊಲಿಗೆ ಬಿಟ್ಟು ಕರುಳು ಕಂಡರೆ ಅದನ್ನು ಒಳತಳ್ಳುವ ಸಾಹಸ ಮಾಡದೆ, ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿದ ಶುಭ್ರವಾದ ಬಟ್ಟೆ ಮುಚ್ಚಿ, ನೆಕ್ಕದಂತೆ ತಡೆದು ಆಸ್ಪತ್ರೆಗೆ ಓಡಬೇಕು. ಇರುಳಿನಲ್ಲಿ ಯಾರನ್ನು ಕರೆಯಬೇಕು, ಯಾವ ಗಾಡಿ ಸಿಕ್ಕುತ್ತದೆ ಎಂಬುದನ್ನು ಶಸ್ತ್ರಚಿಕಿತ್ಸೆಯ ದಿನವೇ ಕೇಳಿ ಗೊತ್ತುಮಾಡಿಕೊಂಡಿರುವುದು ಜಾಣತನ. ಇಂತಹ ಅನಾಹುತಗಳು ವಿರಳ. ಆದರೆ ವಿರಳವಾದುದಕ್ಕೇ ಸಿದ್ಧತೆ ಬೇಕು.

ಹೊಲಿಗೆ ಬಿಚ್ಚಿದ ಮೇಲೆ

ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ ಚರ್ಮದ ಹೊಲಿಗೆಯನ್ನು ಬಿಚ್ಚುತ್ತಾರೆ. ಬೀದಿನಾಯಿಗಳನ್ನು ಮತ್ತೆ ಹಿಡಿದುತರುವುದು ಕಷ್ಟವಾದುದರಿಂದ ಅವುಗಳಿಗೆ ತಾನಾಗಿಯೇ ಕರಗುವ ದಾರದಿಂದ ಒಳಹೊಲಿಗೆ ಹಾಕುವುದುಂಟು. ಗುರುತಿಗಾಗಿ ಕಿವಿಯ ಅಂಚಿನಲ್ಲಿ ಒಂದು ಚಿಕ್ಕ ಕಚ್ಚು ಮಾಡುತ್ತಾರೆ. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ ಕೇಂದ್ರ ಸರ್ಕಾರ 2001ರಲ್ಲಿ ನಿಯಮಗಳನ್ನು ರಚಿಸಿತು. 2023ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಗಳು ಬಂದವು. ಬೀದಿನಾಯಿಗಳ ಶಸ್ತ್ರಚಿಕಿತ್ಸೆಯ ಮತ್ತು ಲಸಿಕೆಯ ಹೊಣೆಯನ್ನು ಅವು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸುತ್ತವೆ. ಸಾಕಿದ ನಾಯಿಯ ಹೊಣೆ ಮಾತ್ರ ಸಾಕಿದವನದೇ.

ಗರ್ಭಕೋಶ ತೆಗೆದ ನಾಯಿ ಸೋಮಾರಿಯಾಗುತ್ತದೆ, ಮನೆ ಕಾಯುವುದಿಲ್ಲ ಎಂಬುದು ರೈತರ ಸಾಮಾನ್ಯ ಆಕ್ಷೇಪ. ಕಾವಲಿನ ಬುದ್ಧಿ ಅಂಡಾಶಯದಿಂದ ಬಂದುದಲ್ಲ. ಅಪರಿಚಿತನನ್ನು ಕಂಡು ಬೊಗಳುವುದು ಅದಕ್ಕೆ ತಪ್ಪುವುದಿಲ್ಲ. ತಪ್ಪುವುದು ವರ್ಷಕ್ಕೆರಡು ಸಲ ಬೆದೆಯ ಹಿಂದೆ ಬರುವ ಗಂಡುಗಳ ಜಗಳ. ಆದರೆ ಈ ಆಕ್ಷೇಪಕ್ಕೆ ಒಂದು ಆಧಾರವಿಲ್ಲದೆ ಇಲ್ಲ. ಅಂಡಾಶಯ ಹೋದಮೇಲೆ ದೇಹಕ್ಕೆ ಬೇಕಾಗುವ ಆಹಾರ ಸುಮಾರು ಕಾಲುಭಾಗ ಕಡಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಮೊದಲಿನಷ್ಟೇ ಮುದ್ದೆ, ಅನ್ನ ಹಾಕುತ್ತ ಹೋದರೆ ನಾಯಿ ಕೊಬ್ಬುತ್ತದೆ. ಕೊಬ್ಬಿದ ನಾಯಿ ಸೋಮಾರಿಯೇ ಸರಿ. ತಪ್ಪು ಶಸ್ತ್ರದ್ದಲ್ಲ, ತಟ್ಟೆಯದು. ಕೆಲವು ನಾಯಿಗಳಲ್ಲಿ, ಮುಖ್ಯವಾಗಿ ದೊಡ್ಡ ತಳಿಗಳಲ್ಲಿ, ವಯಸ್ಸಾದಂತೆ ನಿದ್ದೆಯಲ್ಲಿ ಮೂತ್ರ ಸೋರುವುದುಂಟು, ಅದಕ್ಕೆ ಔಷಧವಿದೆ. ಲಾಭದ ಜೊತೆಗೆ ಇದನ್ನೂ ತಿಳಿದೇ ತೀರ್ಮಾನಿಸಬೇಕು.

ನಮ್ಮ ವಾಚಕರಲ್ಲಿ ಬಹುಮಂದಿ ವಿದ್ಯಾರ್ಥಿಗಳು. ಮನೆಯಲ್ಲಿ ನಾಯಿಗೆ ಅನ್ನ ಹಾಕುವವರೂ ಅದರೊಡನೆ ಹೊಲಕ್ಕೆ ಓಡುವವರೂ ಹಲವೆಡೆ ಅವರೇ. ಹಿರಿಯರು ಹೊಲ ತೋಟದ ಕೆಲಸಕ್ಕೆ ಹೋದಾಗ ಹದಿನೈದು ದಿನ ಹಗ್ಗ ಹಿಡಿಯುವ, ದಿನಕ್ಕೆರಡು ಸಲ ಗಾಯ ನೋಡುವ, ಒಸಡಿನ ಬಣ್ಣವನ್ನು ಪರೀಕ್ಷಿಸುವ ಕೆಲಸ ಅವರಿಗೆ ದೊಡ್ಡದಲ್ಲ. ನಾಲ್ಕನೆಯ ದಿನ ನಾಯಿ ಹಗ್ಗ ಜಗ್ಗಿ, ಬಾಲವಾಡಿಸಿ, ತನಗೆ ಗುಣವಾಯಿತೆಂದು ನಂಬಿಸಲು ಬರುತ್ತದೆ. ಆಗ ಕೇಳಬೇಕಾದುದು ಬಾಲದ ಮಾತನ್ನಲ್ಲ, ಗಾಯದ ಮಾತನ್ನು.